ನಡುವಿನ ಮಡಿಕೆ

ಹಗಲೆಲ್ಲ ಬೇರೆಯವರ ಹಲ್ಲು ಮಾಡುತ್ತೇನೆ.
ಪೇಚ್ ಊರಿನ ಮೂವರು ದಂತವೈದ್ಯರು ಕಳಿಸುವ ಅಚ್ಚುಗಳು,
ಕಂಡಿಲ್ಲದ ಬಾಯಿಗಳ ಬಿಳಿ ನಕಲುಗಳು.
ಕೂದಲೆಳೆ ಎತ್ತರವಾದರೂ
ಯಾರೋ ರಾತ್ರಿಯಿಡೀ ನಿದ್ದೆಗೆಡುತ್ತಾರೆ.
ಅದಕ್ಕೇ ಏನೋ
ಸಂಜೆ, ಅಡಿಗೆಮನೆಯ ಮೇಜಿನ ಮೇಲೆ
ಹಳದಿ ಬಸ್ಸು ಕಟ್ಟುವಾಗಲೂ
ಉಗುರಿನಿಂದ ಸಂದಿ ಸವರಿ ನೋಡುವ ಚಾಳಿ.

ಹೌದು, ಆಟಿಕೆ ಇಟ್ಟಿಗೆಗಳೇ.
ನಲವತ್ತಾರು ನನಗೆ.
"ಮಗನಿಗೋ ಮಗಳಿಗೋ?" ಅಂಗಡಿ ಹುಡುಗ ಕೇಳುತ್ತಾನೆ.
ಮೊದಲೆಲ್ಲ ಅಕ್ಕನ ಮಗನ ಹೆಸರು ಹೇಳುತ್ತಿದ್ದೆ.
ಅವನಿಗೀಗ ಗಡ್ಡ ಬಂದಿದೆ.
ಈಗ, "ನನಗೇ. ಬಣ್ಣದ ಕಾಗದ ಬೇಡ, ಚೀಲ ಸಾಕು."

ಮೂತಿ ಹನ್ನೊಂದು ದಿನದಲ್ಲಿ ಎದ್ದಿತು.
ದೀಪಕ್ಕೆ ಗೊಂಬೆಮನೆಯ ಎರಡು ಊಟದ ತಟ್ಟೆ,
ಗಾಜು ಒರೆಸಲು ಯಾವನೋ ಕಡಲ್ಗಳ್ಳನ ಕತ್ತಿ.
ಟಕ್, ಟಕ್.
ದವಡೆಗೆ ದವಡೆ ಕೂತ ಹಾಗೆ
ಇಟ್ಟಿಗೆ ಇಟ್ಟಿಗೆಯನ್ನು ಕಚ್ಚುವ ಆ ಸದ್ದಿಗೆ
ದಿನದ ಮಾತೆಲ್ಲ ತಣ್ಣಗಾಗುತ್ತದೆ.

ಸೋತದ್ದು ನಡುವಿನಲ್ಲಿ.
ಎರಡು ಬಸ್ಸನ್ನು ಒಂದು ಮಾಡುವ ಆ ಕಪ್ಪು ಮಡಿಕೆ,
ಕಮ್ಮಾರನ ತಿದಿಯಂತೆ ತಿರುವಿನಲ್ಲಿ ಒಂದು ಕಡೆ ಉಸಿರೆಳೆದು
ಇನ್ನೊಂದು ಕಡೆ ಬಿಡುತ್ತಿದ್ದದ್ದು.
ಬಿರುಸು ಪ್ಲಾಸ್ಟಿಕ್ಕಿಗೆ
ಬಗ್ಗುವ ಬುದ್ಧಿ ಎಲ್ಲಿಂದ ತರಲಿ?
ಚಪ್ಪಟೆ ತುಂಡು ಜೋಡಿಸಿದೆ, ಮೊದಲ ತಿರುವಿಗೇ
ಲಟಕ್ಕೆಂದು ಸೊಂಟ ಮುರಿಯಿತು.
ಬಟ್ಟೆ ಹೊಲಿದೆ.
ಚೆನ್ನಾಗಿಯೇ ಇತ್ತು, ಆದರೆ ಮೋಸ,
ಹುಳುಕಿಗೆ ಮೇಣ ತುಂಬಿದ ಹಾಗೆ. ಬಿಚ್ಚಿ ಬಿಸಾಕಿದೆ.
ಕೊನೆಗೆ ಕಿರುಬೆರಳ ಉಗುರಿನಷ್ಟು ಟೈರುಗಳು,
ನೂರಾ ಹನ್ನೆರಡು,
ಬ್ರನೋದ ಒಬ್ಬಾತ ಬಿಚ್ಚಿ ಕಳಿಸಿದವು.
ಅಲ್ಲೆಲ್ಲೋ ಅವನ ಕಪಾಟಿನಲ್ಲಿ
ಇಪ್ಪತ್ತೆಂಟು ಪುಟ್ಟ ಕಾರು ಬರಿಗಾಲಲ್ಲಿ ನಿಂತಿರಬೇಕು.
ಒಂದರ ಪಕ್ಕ ಒಂದು ಪೋಣಿಸಿದೆ.
ಬಗ್ಗಿತು.
ರಾತ್ರಿ ಒಂದೂವರೆ. ಎಬ್ಬಿಸಿ ಹೇಳಲು ಯಾರೂ ಇರಲಿಲ್ಲ,
ಇನ್ನೊಂದು ಸಲ ಬಗ್ಗಿಸಿದೆ.

ಮೇಲಿನ ಮನೆಯ ದೆಜೋ ಮಾಮ
ಏಣಿ ಕೇಳಲು ಬಂದವರು ಮೇಜಿನ ಮುಂದೆ ನಿಂತುಬಿಟ್ಟರು.
ಇಪ್ಪತ್ತಾರು ವರ್ಷ ಇದನ್ನೇ ಓಡಿಸಿದವರು,
ಗಣಿಯವರಿಗೆಂದು ಕಟ್ಟಿದ ಬಡಾವಣೆಯಿಂದ ಸ್ಟೇಷನ್ನಿಗೆ,
ಸ್ಟೇಷನ್ನಿನಿಂದ ಬಡಾವಣೆಗೆ.
ಹೊಗಳಲಿಲ್ಲ. ಕನ್ನಡಕ ಹಣೆಗೇರಿಸಿದರು.
"ಮೂರನೇ ಬಾಗಿಲು ತಪ್ಪು."
"ಅಳತೆ ತೆಗೆದಿದ್ದೇನೆ ಮಾಮ."
"ಅಳತೆ ಸರಿ ಕಣಮ್ಮ, ಬಾಗಿಲು ತಪ್ಪು.
ಅದು ಒಂದು ದಿನಕ್ಕೂ ಪೂರ್ತಿ ಮುಚ್ಚಿದ್ದಿಲ್ಲ.
ಜನವರಿಯಲ್ಲಿ ಇಷ್ಟು ಗಾಳಿ."
ಎಂದು ಎರಡು ಬೆರಳು ತೋರಿಸಿ
ಏಣಿ ಮರೆತು ಹೋದರು.

ಬಾಗಿಲಿನ ತಳದ ಒಂದು ತುಂಡು ಕಿತ್ತೆ.
ಇಷ್ಟು ವರ್ಷದ ಕಸುಬಿನಲ್ಲಿ
ಬೇಕೆಂದೇ ಸಂದಿ ಬಿಟ್ಟದ್ದು ಇದೇ ಮೊದಲು.
ಕೈ ಎರಡು ಸಲ ಮುಚ್ಚಲು ಹೋಯಿತು.
ಆಮೇಲೆ ಆ ಸಂದಿಯಿಂದಲೇ ಒಳಗೆ ಬಂತು
ಒದ್ದೆ ಉಣ್ಣೆಯ ವಾಸನೆ, ಡೀಸೆಲ್ಲು,
ಈಜಿ ಬಂದ ನಮ್ಮಿಬ್ಬರ ಹಸಿಕೂದಲು.
ಕಿಂಚೋ ಮತ್ತು ನಾನು
ಮಡಿಕೆಯ ನಡುವಿನ ದುಂಡು ತಟ್ಟೆಯ ಮೇಲೆ,
ಒಂದು ಕಾಲು ಮುಂದಿನ ಬಸ್ಸಿನಲ್ಲಿ, ಒಂದು ಹಿಂದಿನದರಲ್ಲಿ,
ಕಂಬಿ ಮುಟ್ಟಿದವರು ಸೋತರು.
ನೆಲವೇ ಮುರಿದುಕೊಂಡು ತಿರುಗುವಾಗ
ಇಬ್ಬರಿಗೂ ಕೇಕೆ.

ಬಸ್ಸಿನಲ್ಲಿ ಬೇರೆ ಯಾರನ್ನೂ ಕೂರಿಸಿಲ್ಲ.
ಆ ತಟ್ಟೆಯ ಮೇಲೆ ಒಂದೇ ಗೊಂಬೆ.
ಅದರ ಕಾಲು ಹಿಂದೆ ಮುಂದೆ ಆಡುತ್ತದೆ,
ಅಗಲಿಸಲು ಬರುವುದಿಲ್ಲ. ಹಾಗೇ ಮಾಡಿದ್ದಾರೆ.
ಪ್ರತಿ ತಿರುವಿಗೂ ಬೀಳುತ್ತದೆ.
ಎತ್ತಿ ನಿಲ್ಲಿಸುತ್ತೇನೆ.
ಸಕ್ಕರೆ ಡಬ್ಬಿಯ ತಿರುವು ಬಂತು,
ಹಿಡಿದುಕೋ ಅನ್ನುವುದಿಲ್ಲ.